ಬೆಳಗಿನ ವಿಮಾನ

ಮೂಗಿನ ಇನ್ನೊಂದು ಹೊಳ್ಳೆಗೂ ನರ್ಸು ಕಡ್ಡಿ ತೂರಿಸಿದಾಗ ತುಳಸಿಯ ಕಣ್ಣಲ್ಲಿ ನೀರು ಬಂತು. ಹಾಳು ಕೊರೊನಾ! ಲಬುವಾನ್ ದ್ವೀಪದಲ್ಲಿ ಇಳಿದವರನ್ನೆಲ್ಲ ವಿಮಾನ ನಿಲ್ದಾಣದಲ್ಲೇ ಹೀಗೆ ಸಾಲಾಗಿ ಕೂರಿಸಿದ್ದರು. ಅಲ್ಲಿ ಗಂಡ ಉಸಿರಿಗಾಗಿ ಒದ್ದಾಡುತ್ತಿದ್ದರೆ ಇಲ್ಲಿ ಇವರದೊಂದು ಶಾಸ್ತ್ರ! ಜಯಕರನ ಹಾರ್ಟಿನ ರಿಪೋರ್ಟುಗಳಿದ್ದ ಫೈಲನ್ನು ಅವಳು ಎದೆಗೆ ಅವುಚಿಕೊಂಡಳು.

ಹೊರಗೆ ರತ್ನಾಕರ ಕಾಯುತ್ತಿದ್ದ. ದ್ವೀಪದ ಹಡಗು ರಿಪೇರಿ ಯಾರ್ಡಿನಲ್ಲಿ ಜಯಕರನ ಜೊತೆಗಾರ, ಕುಂದಾಪುರದ ಕಡೆಯವನು. ಈಗಷ್ಟೇ ಸ್ನಾನ ಮಾಡಿ ಬಂದಂತೆ ತಲೆ ಒದ್ದೆಯಾಗಿತ್ತು.

"ಆಸ್ಪತ್ರೆಗೆ ನಡಿ ರತ್ನಾಕರ. ಡಾಕ್ಟರ್ ಇರ್ತಾರಲ್ಲ?"

ಅವನು ಕಾರಿನ ಬಾಗಿಲು ತೆರೆದ. ಅವಳ ಮುಖ ನೋಡಲಿಲ್ಲ.

"ಅತ್ತಿಗೆ... ಜಯಣ್ಣ ನಿನ್ನೆ ಸಂಜೆಯೇ ಹೋಗಿಬಿಟ್ರು."

*

ನಿನ್ನೆ ರಾತ್ರಿ ಕಡಲಾಚೆಯ ಸುಬಾಂಗ್ ಜಯಾ ಪಟ್ಟಣದಲ್ಲಿದ್ದ ತುಳಸಿಯ ಮನೆಗೆ ಫೋನು ಮಾಡಿ ಇದೇ ರತ್ನಾಕರ, "ಜಯಣ್ಣನಿಗೆ ಕೊರೊನಾ ಜೋರಾಗಿದೆ. ಸ್ವಲ್ಪ ಸೀರಿಯಸ್ಸು. ಬೆಳಗಿನ ಫ್ಲೈಟಿಗೇ ಬನ್ನಿ" ಎಂದಿದ್ದ. ದೂರದಲ್ಲಿರುವವರಿಗೆ ನಮ್ಮ ಜನ ಸಾವನ್ನು ತಿಳಿಸುವುದೇ ಹಾಗೆ. ದಾರಿಯಲ್ಲಿ ಎದೆ ಒಡೆದುಕೊಳ್ಳಬಾರದಲ್ಲ!

"ಇವರ ಹಾರ್ಟಿನ ರಿಪೋರ್ಟೆಲ್ಲ ಇಲ್ಲಿ ಬಾಂಗ್ಸಾರಿನ ಡಾಕ್ಟರ ಹತ್ರ ಇದೆ. ಅದಿಲ್ದೆ ಬಂದು ನಾನೇನು ಮಾಡ್ಲಿ? ಬೆಳಿಗ್ಗೆ ಕ್ಲಿನಿಕ್ ತೆರೆದ ಕೂಡ್ಲೇ ತಗೊಂಡು ಮುಂದಿನ ಫ್ಲೈಟಿಗೆ ಬರ್ತೀನಿ" ಎಂದಿದ್ದಳು ತುಳಸಿ. "ಬೆಳಗಿನದಕ್ಕೇ ಬಂದ್ರೆ ಒಳ್ಳೇದಿತ್ತು ಅತ್ತಿಗೆ" ಎಂದಷ್ಟೇ ಹೇಳಿ ಅವನು ಫೋನಿಟ್ಟಿದ್ದ.

ದ್ವೀಪಕ್ಕೆ ಒಮ್ಮೆ ಬಾ ಎಂದು ಜಯಕರ ಗೋಗರೆದದ್ದೇ ಗೋಗರೆದದ್ದು. "ಅಂಗೈಯಷ್ಟಗಲದ ಊರು ಮಾರಾಯ್ತಿ! ಬೈಕಲ್ಲಿ ಒಂದು ಸುತ್ತು ಹಾಕಿದ್ರೆ ಮುಗೀತು. ಸಂಜೆ ಕಡಲ ಬದಿಯಲ್ಲಿ ಕೂತು ಸುಟ್ಟ ಮೀನು ತಿನ್ನುವ." ವಿಮಾನವೆಂದರೆ ಅವಳಿಗೆ ಜೀವ ಬಾಯಿಗೆ ಬರುತ್ತಿತ್ತು. ಮಗಳ ಪರೀಕ್ಷೆ ಮುಗಿಯಲಿ, ಮುಂದಿನ ರಜೆಗೆ ನೋಡೋಣ ಎಂದು ತಳ್ಳುತ್ತಲೇ ಬಂದಳು. ಆಮೇಲೆ ಕೊರೊನಾ ಬಂದು ಸರಕಾರದವರು ಓಡಾಟವನ್ನೇ ನಿಲ್ಲಿಸಿಬಿಟ್ಟರು.

*

"ಮುಖ?" ಎಂದಳು ತುಳಸಿ.

"ಬೆಳಿಗ್ಗೆನೇ ಬಂದಿದ್ರೆ ಮನೆಯವರಿಗೆ ದೂರದಿಂದ ತೋರಿಸ್ತಿದ್ರು. ಆಮೇಲೆ ಸೀಲ್ ಮಾಡಿದ್ರು. ಮಧ್ಯಾಹ್ನದೊಳಗೆ ದಹನ ಮುಗಿಸ್ಲೇಬೇಕು ಅಂದ್ರು ಅತ್ತಿಗೆ. ಎಷ್ಟು ಕೈಮುಗಿದ್ರೂ ಕೇಳ್ಲಿಲ್ಲ."

"ನಿಜ ಹೇಳಿದ್ರೆ ಬೆಳಿಗ್ಗೆನೇ ಬರ್ತಿದ್ನಲ್ಲೋ ಪಾಪಿ!"

"ವಿಮಾನದಲ್ಲಿ ಒಬ್ರೇ ಅಳ್ತಾ ಬರೋದು ಬೇಡ ಅಂತ..." ರತ್ನಾಕರ ಕಾರಿಗೆ ಹಣೆಯೊತ್ತಿ ಗೊಳೋ ಎಂದು ಅತ್ತ. ಅವನನ್ನು ಹೊಡೆಯಬೇಕೆನಿಸಿತು ತುಳಸಿಗೆ. ಕೈ ಏಳಲಿಲ್ಲ.

ಸ್ಮಶಾನದಲ್ಲಿ ಚಿತೆ ಇನ್ನೂ ಉರಿಯುತ್ತಿತ್ತು. ಕಾವಲಿನವರು ಬೇಲಿಯಾಚೆಗೆ ಬಿಡಲಿಲ್ಲ. ಅಷ್ಟರಲ್ಲಿ ಮಗಳು ಇಂಚರಳ ವಿಡಿಯೋ ಕಾಲ್ ಬಂತು. ಅವಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬಂದಿದ್ದಳು.

"ಅಮ್ಮಾ, ರೀಚ್ಡ್ ಆಲ್ರೆಡಿ ಆ? ಹೌ ಈಸ್ ಅಪ್ಪ?"

ರತ್ನಾಕರ ಗಾಬರಿಯಿಂದ ಕೈಯಾಡಿಸಿದ. "ಮಗು ಅಲ್ಲಿ ಒಂದೇ ಇದೆ ಅತ್ತಿಗೆ," ಎಂದು ಪಿಸುಗುಟ್ಟಿದ. "ಸೀರಿಯಸ್ಸು ಅಂತ ಮಾತ್ರ ಹೇಳಿ."

ತುಳಸಿ ಕ್ಯಾಮೆರಾ ತಿರುಗಿಸಿದಳು. ಫೋನನ್ನು ಬೇಲಿಗಿಂತ ಮೇಲಕ್ಕೆ, ಬೆಂಕಿ ಕಾಣುವಷ್ಟು ಮೇಲಕ್ಕೆ ಎತ್ತಿ, ಎರಡೂ ಕೈಯಲ್ಲಿ ಹಿಡಿದು ನಿಂತಳು.