ಒಂದು ಹನಿಯೂ ಬೇಡ

ಶ್ಯಾಮಲಮ್ಮ ಬಚ್ಚಲಲ್ಲಿ ಕಾಲು ನೀಡಿ ಕೂತು, ಐದು ತಿಂಗಳ ಮೊಮ್ಮಗನನ್ನು ಕಾಲ ಮೇಲೆ ಮಲಗಿಸಿಕೊಂಡು ನೀರೆರೆಯುತ್ತಿದ್ದರು. ಸುಗಟೂರಿನ ಅರ್ಧ ಊರಿನ ಕೂಸುಗಳು ಮಿಂದದ್ದು ಅದೇ ಕಾಲುಗಳ ಮೇಲೆ. ಸೊಸೆ ಸುನಂದ ಬಾಗಿಲಲ್ಲಿ ಟವೆಲ್ ಹಿಡಿದು ನಿಂತಿದ್ದಳು. ಮಗುವಿಗೆ ತಿಂಗಳಿಂದ ಬಿಡದ ಕೆಮ್ಮು. ಉಸಿರೆಳೆದರೆ ಗವಿಯೊಳಗೆ ಯಾವುದೋ ಪ್ರಾಣಿ ಮಲಗಿದಂತೆ ಗೊರಗೊರ ಸದ್ದು. ಮೂಗಿಗೆ ಬಿಡುವ ಹರಳೆಣ್ಣೆ ಶ್ವಾಸಕೋಶಕ್ಕೆ ಇಳಿದಿರಬಹುದು, ಇನ್ನು ಒಂದು ಹನಿಯೂ ಬೇಡ ಎಂದು ಕೋಲಾರದ ಡಾಕ್ಟರು ನಿನ್ನೆ ಹೇಳಿದ್ದರು. ಅದನ್ನು ಅವಳು ಅತ್ತೆಗೆ ಇನ್ನೂ ಹೇಳಿರಲಿಲ್ಲ.

ಅತ್ತೆ ಎಣ್ಣೆಯ ಬಟ್ಟಲಲ್ಲಿ ಬೆರಳದ್ದಿ ಮಗುವಿನ ಮೂಗಿನತ್ತ ತಂದರು.

"ಅತ್ತೇ, ಬೇಡ!" ಸುನಂದ ನುಗ್ಗಿ ಆ ಕೈ ಹಿಡಿದಳು.

"ಏನೇ ಇದು? ನಿನ್ನ ಗಂಡನಿಗೂ ನಾನೇ ಬಿಟ್ಟಿದ್ದು. ಎತ್ತಿನಂಗೆ ಬೆಳೆದಿಲ್ವಾ?"

"ಎತ್ತಿನಂಗೇ ಬೆಳ್ದವ್ರೆ, ಗೊರಕೇನೂ ಹಂಗೇ ಹೊಡೀತಾರೆ. ಆದ್ರೆ ಇವನ ಎದೆಗೆ ಎಣ್ಣೆ ಇಳಿದಿರ್ಬೋದು ಅಂದ್ರು ಡಾಕ್ಟ್ರು. ನಿಮ್ಮ ಕಾಲಿಗೆ ಬೀಳ್ತೀನಿ ಅತ್ತೆ."

"ಅಂದ್ರೆ, ನನ್ನ ಮೊಮ್ಮಗನಿಗೆ ನಾನೇ ಕೇಡು ಮಾಡ್ದೆ ಅಂತೀಯಾ?"

ಸುನಂದ ಹಿಡಿದ ಕೈಯನ್ನು ಬಿಡಲಿಲ್ಲ.

ಅಷ್ಟರಲ್ಲಿ ಮಗು ಕೆಮ್ಮತೊಡಗಿತು. ಮುಖ ಕೆಂಪೇರಿತು, ಕೆಮ್ಮು ನಿಲ್ಲುವ ಹಾಗೆ ಕಾಣಲಿಲ್ಲ. ಶ್ಯಾಮಲಮ್ಮ ಗಾಬರಿಯಿಂದ ಅದನ್ನು ಹೆಗಲಿಗೆತ್ತಿಕೊಂಡು ಬೆನ್ನು ಸವರಿದರು. ಕೆಮ್ಮು ನಿಂತ ಮೇಲೆ ಆ ಒದ್ದೆ ಬೆನ್ನಿಗೆ ಕಿವಿಯಿಟ್ಟು ಬಹಳ ಹೊತ್ತು ಆಲಿಸಿದರು.

"ಇನ್ನೇನ್ ಹೇಳಿದ್ರೇ ಡಾಕ್ಟ್ರು?" ಎಂದರು ಮೆಲ್ಲಗೆ. "ಒಂದೂ ಬಿಡ್ದೆ ಹೇಳು."