ಕೊಡೆಯ ಹಿಂದಿನ ಗಂಡಸರು

ಲಿಗವಾಸನ್ ಜೌಗಿನ ಈಚೆ ದಡದವರಾದ ನಮಗೂ ಆಚೆ ದಡದವರಿಗೂ ರಿದೋ ಶುರುವಾದದ್ದು ಬ್ಯಾಸ್ಕೆಟ್‌ಬಾಲ್ ಆಟದಲ್ಲಿ. ಚೆಂಡು ಗೆರೆ ದಾಟಿತೇ ಇಲ್ಲವೇ ಎಂಬುದು ಇಂದಿಗೂ ತೀರ್ಮಾನವಾಗಿಲ್ಲ. ಅಷ್ಟರಲ್ಲಿ ಎರಡೂ ಕಡೆ ಹೆಣಗಳು ಬಿದ್ದವು. ಒಂದು ನನ್ನ ಅಕ್ಕ ಸಮಿನಾಂಗಳ ಹಿರಿಯ ಮಗನದು.

ರಿದೋ ಎಂದರೆ ಮನೆತನಗಳ ಸೇಡು. ಅದಕ್ಕೂ ಒಂದು ಮರ್ಯಾದೆ ಇದೆ. ಹೆಂಗಸಿನ ಮೇಲೆ ಗುಂಡು ಹಾರಿಸುವಂತಿಲ್ಲ. ಹಾರಿಸಿದವನನ್ನು ಸ್ವಂತ ಮನೆಯವರೇ ಒಳಗೆ ಸೇರಿಸುವುದಿಲ್ಲ. ಹಾಗಾಗಿ ಹೆಂಗಸರು ಸಂತೆ, ಗದ್ದೆ ಎಂದು ಓಡಾಡಿಕೊಂಡಿದ್ದರು, ನಾವು ಗಂಡಸರು ಮನೆಯೊಳಗೆ ಕುಳಿತಿದ್ದೆವು. ಕುಳಿತು ಕುಳಿತು ನಾನು ಎಂಥ ಅಡುಗೆಯವನಾದೆನೆಂದರೆ, ನನ್ನ ಹುರಿದ ಮೀನಿನ ವಾಸನೆಗೆ ಆಚೆ ದಡದವರು ಬಂದೂಕು ಕೆಳಗಿಟ್ಟು ಮೂಗು ಮೇಲೆತ್ತುತ್ತಿದ್ದರು. ಇದು ಸುಳ್ಳಲ್ಲ. ಆಮೇಲೆ ಅವರೇ ಹೇಳಿದ್ದು.

ಈ ಸೇಡಿನಲ್ಲಿ ದುಂಡಗಾದವನು ಒಬ್ಬನೇ, ಕಮಾಂಡರ್ ಕಿಲಾತ್. ಕಿಲಾತ್ ಎಂದರೆ ಮಿಂಚು. ಮನುಷ್ಯ ಮಾತ್ರ ಕೆಸರಿನಲ್ಲಿ ಮಲಗಿದ ಎಮ್ಮೆಯಷ್ಟು ಚುರುಕು. ಅವನ ಗುಂಪು ನದಿಯಲ್ಲಿ ದೋಣಿ ತಡೆದು ವಸೂಲಿ ಮಾಡುತ್ತಿತ್ತು, ಎರಡೂ ದಡಕ್ಕೆ ಒಂದೇ ಪೆಟ್ಟಿಗೆಯಿಂದ ತೋಟಾ ಮಾರುತ್ತಿತ್ತು. ನಿಮ್ಮದು ಒಳ್ಳೆಯ ಮಾಲು, ಅವರಿಗೆ ಕೊಟ್ಟದ್ದು ತೇವ ಹಿಡಿದದ್ದು ಎಂದು ನಮಗೆ ಹೇಳುತ್ತಿದ್ದ. ಅವರಿಗೂ ಅದನ್ನೇ ಹೇಳುತ್ತಿದ್ದ.

ಕೊನೆಗೆ ಹಿರಿಯರು ಹೆಂಗಸರ ಮೂಲಕ ಮಾತಾಡಿ ರಾಜಿಗೆ ಒಪ್ಪಿದರು. ಶುಕ್ರವಾರದ ನಮಾಜಿನ ನಂತರ ಸೇತುವೆ ಬಳಿಯ ಮಸೀದಿಯಲ್ಲಿ ಎರಡೂ ಕಡೆಯ ಗಂಡಸರೆಲ್ಲ ಕುರಾನಿನ ಮೇಲೆ ಆಣೆ ಮಾಡಬೇಕು. ಒಬ್ಬ ತಪ್ಪಿಸಿಕೊಂಡರೂ ರಾಜಿ ಮುರಿದಂತೆ. ಅಕ್ಕನಿಗೆ ಉಳಿದಿದ್ದವನು ಕಿರಿಯ ಮಗ ಗಿಯಾಮಲ್ ಒಬ್ಬನೇ. ಆಣೆ ನಡೆಯದಿದ್ದರೆ ಮುಂದಿನ ಗುಂಡು ಅವನಿಗೇ ಎಂಬುದು ಇಡೀ ಜೌಗಿಗೆ ಗೊತ್ತಿತ್ತು.

ರಾಜಿಯಾದರೆ ತೋಟಾ ಕೊಳ್ಳುವವರು ಯಾರು? ಕಿಲಾತ್ ಗುರುವಾರ ತನ್ನ ಹೆಸರು ಬಾರದಂತೆ ಸುದ್ದಿ ಹಬ್ಬಿಸಿದ: ಮಸೀದಿಯತ್ತ ಮೊದಲು ಕಾಲಿಟ್ಟ ಗಂಡಸು ಸಾಯುತ್ತಾನೆ. ಹೊಡೆದವರು ಯಾರೆಂದು ತಿಳಿಯದೆ ಎರಡೂ ದಡ ಒಂದನ್ನೊಂದು ದೂರಿಕೊಂಡು ಮತ್ತೆ ಬಂದೂಕು ಹಿಡಿಯುತ್ತವೆ ಎಂಬುದು ಅವನ ಲೆಕ್ಕ. ಅವನ ಬಂಟರು ದಾರಿ ಬದಿಯ ತೆಂಗಿನ ತೋಪಿನಲ್ಲಿ ಅಡಗಿ ಕುಳಿತರು.

ಶುಕ್ರವಾರ ಬೆಳಿಗ್ಗೆ ನಾವು ಗಂಡಸರೆಲ್ಲ ಸೇರಿ, ಬಹಳ ಧೈರ್ಯದಿಂದ ಚರ್ಚಿಸಿ, ಹೋಗಬಾರದೆಂದು ನಿರ್ಧರಿಸಿದೆವು. ಅಕ್ಕ ತನ್ನ ದೊಡ್ಡ ಕರಿ ಕೊಡೆ ಬಿಚ್ಚಿದಳು.

"ಗಿಯಾಮಲ್, ನನ್ನ ಬೆನ್ನಿಗೆ ಅಂಟ್ಕೊಂಡು ನಡಿ."

"ಜನ ನಗ್ತಾರೆ, ಇನಾ," ಎಂದ ಅವನು ತಾಯಿಗೆ.

"ನಗ್ಲಿ. ನಿಮ್ಮಣ್ಣನ ಮಣ್ಣಿಗೆ ಬಂದೋರು ಒಬ್ರೂ ನಗ್ಲಿಲ್ಲ. ನಂಗೆ ಈಗ ನಗೋರೇ ಬೇಕು."

ಹಿಂದಿನ ದಿನದ ಸಂತೆಯಲ್ಲೇ ಅವಳು ಆಚೆ ದಡದ ಕವ್ತಿನ್ ಜೊತೆ ಮಾತಾಡಿಟ್ಟಿದ್ದಳು. ಕವ್ತಿನಳೂ ಮಗನನ್ನು ಕಳೆದುಕೊಂಡವಳು. ನೋಡುತ್ತಿದ್ದಂತೆ ಎರಡೂ ದಡದಲ್ಲಿ ಕೊಡೆಗಳು ಬಿಚ್ಚಿಕೊಂಡವು. ಪ್ರತಿ ಕೊಡೆಯ ಹಿಂದೆ ಒಬ್ಬ ಗಂಡಸು ಬಗ್ಗಿ ನಡೆಯುತ್ತಿದ್ದ. ನನ್ನ ಹೆಂಡತಿ ನೊರಾಯ ಜೊಂಡಿನ ಕಡ್ಡಿಯಷ್ಟು ತೆಳ್ಳಗೆ. ಮದುವೆಯಾದಾಗಿನಿಂದ ಅದನ್ನೇ ಹೊಗಳಿಕೊಂಡು ಬಂದಿದ್ದೆ. ಅಂದು ಮೊದಲ ಸಲ ಚಿಂತೆಯಾಯಿತು.

"ಉಸಿರು ಒಳಗೆ ಎಳ್ಕೊಳ್ರೀ," ಎಂದಳು ಅವಳು, "ನಿಮ್ಮ ಹೊಟ್ಟೆ ನನ್ನ ಎರಡೂ ಪಕ್ಕ ಕಾಣ್ತಿದೆ."

ಸೇತುವೆಯ ಬಳಿ ಎರಡು ಸಾಲೂ ಒಂದಾಗಿ ತೋಪಿನೊಳಗೆ ಬಂದವು. ಅಕ್ಕ ನಿಂತಳು. ಎಲ್ಲರೂ ನಿಂತೆವು. ನಾನು ಉಸಿರನ್ನು ಇನ್ನಷ್ಟು ಒಳಗೆ ಎಳೆದುಕೊಂಡೆ.

"ಬಂದೂಕು ಹಿಡಿದು ಕೂತೋರು ಕೇಳಿ," ಎಂದಳು ಅಕ್ಕ ಮರಗಳ ಕಡೆ ತಿರುಗಿ. "ನಿಮ್ಮ ತಾಯಂದಿರೂ ಈ ಸಾಲಲ್ಲೇ ಇದ್ದಾರೆ. ಯಾವ ಕೊಡೆ ಕೆಳಗೆ ಯಾರು ಅಂತ ನಾನು ಹೇಳಲ್ಲ. ಹೊಡೀಬೇಕು ಅನ್ಸಿದ್ರೆ ಹೊಡೀರಿ."

ಮರಗಳ ಹಿಂದಿನಿಂದ ಒಂದು ದಪ್ಪ ದನಿ, ಮೆಲ್ಲಗೆ: "ಇನಾ, ನೀನಿದೀಯಾ?"

"ಇದೀನಿ. ಹೊರಗೆ ಬಾ. ನಿನ್ನೆ ಊಟಕ್ಕೂ ಬರ್ಲಿಲ್ಲ, ಅನ್ನ ಬೆಕ್ಕಿಗೆ ಹಾಕ್ದೆ."

ಒಬ್ಬ ಹೊರಬಂದ. ಮತ್ತೊಬ್ಬ ಬಂದ. ಬಂದೂಕುಗಳನ್ನು ತೆಂಗಿನ ಬುಡಕ್ಕೆ ಒರಗಿಸಿ, ಮೀಸೆ ಹೊತ್ತ ಆ ಗಂಡಸರೆಲ್ಲ ತಂತಮ್ಮ ತಾಯಿಯ ಹಿಂದೆ ನಿಂತುಕೊಂಡರು. ಆಮೇಲೆ ಸಾಲು ಎಷ್ಟು ಉದ್ದವಾಯಿತೆಂದರೆ, ತಲೆ ಮಸೀದಿಯಲ್ಲಿ ಕೈಕಾಲು ತೊಳೆಯುತ್ತಿದ್ದಾಗ ಬಾಲ ಇನ್ನೂ ಮನೆಯಲ್ಲಿ ಚಪ್ಪಲಿ ಹುಡುಕುತ್ತಿತ್ತು.

ಬಂಟರಿಲ್ಲದ ಕಿಲಾತ್ ಈಗ ತನ್ನ ಮನೆಯಿಂದ ಹೊರಬೀಳಲಾರದೆ ಹೋದ. ಬಂಟರಿಂದ ನಿಜ ತಿಳಿದ ಎರಡೂ ದಡದವರು ಅವನನ್ನು ಹುಡುಕುತ್ತಿದ್ದರು. ಅವನ ಹೆಂಡತಿ ತನ್ನ ತಮ್ಮನನ್ನು ಕೊಡೆಯ ಹಿಂದಿಟ್ಟುಕೊಂಡು ಬೆಳಿಗ್ಗೆಯೇ ಮಸೀದಿಗೆ ಹೊರಟುಹೋಗಿದ್ದಳು. ಮನೆಯಲ್ಲಿ ಉಳಿದವಳು ಅತ್ತೆ. ಊರ ಗಡಿ ದಾಟಿಸು ಎಂದು ಅವಳನ್ನು ಬೇಡಿಕೊಂಡ. ಆಕೆ ಕೊಡೆ ಹಿಡಿದು ಹೊರಟಳು. ಕಿಲಾತ್ ತಲೆ ತಗ್ಗಿಸಿ, ಅವಳ ಹಿಮ್ಮಡಿ ನೋಡುತ್ತ ಹಿಂಬಾಲಿಸಿದ. ಕೊಡೆ ಮಡಿಸಿದಾಗ ಇಬ್ಬರೂ ಪೊಲೀಸ್ ಠಾಣೆಯೊಳಗಿದ್ದರು.

"ಅಳಿಯಂದ್ರಿಗೆ ನಡೆದು ಅಭ್ಯಾಸ ಇಲ್ಲ," ಎಂದಳಂತೆ ಅತ್ತೆ, "ಒಳಗೆ ಕೂರಿಸಿ."

ಆಣೆ ನಡೆಯಿತು. ಗಿಯಾಮಲ್ ಮತ್ತು ಕವ್ತಿನಳ ಉಳಿದ ಮಗ ಒಟ್ಟಿಗೆ ಕುರಾನಿನ ಮೇಲೆ ಕೈಯಿಟ್ಟರು. ಹೊರಗೆ ಔತಣಕ್ಕೆ ಹಳದಿ ಅನ್ನ, ದನದ ಮಾಂಸದ ಸಾರು ಸಿದ್ಧವಾಗಿತ್ತು. ಐಸ್ ಸಾಲದು ಎಂದು ಯಾರೋ ಗೊಣಗಿದರು. ನಾನು ತರುತ್ತೇನೆ ಎಂದು ಗಿಯಾಮಲ್ ಒಬ್ಬನೇ ರಸ್ತೆಗಿಳಿದ.

ಬಡಿಸುವ ಕೈಗಳೆಲ್ಲ ನಿಂತವು. ಅವನು ತೋಪು ದಾಟಿದ, ತಿರುವಿನಲ್ಲಿ ಮರೆಯಾದ. ಅಕ್ಕ ಕಿವಿಗೊಟ್ಟು ನಿಂತೇ ಇದ್ದಳು. ದೂರದಲ್ಲಿ ಅವನು ಯಾರೊಡನೆಯೋ ಐಸಿನ ಬೆಲೆಗೆ ಜಗಳವಾಡುವುದು ಕೇಳಿಸಿತು. ಆಗ ಅವಳು ಸೌಟು ಎತ್ತಿ, ಮೊದಲ ತಟ್ಟೆಯನ್ನು ಕವ್ತಿನಳಿಗೆ ಬಡಿಸಿದಳು.