ಮಡಿಕೆಯ ಮೇಲಿನ ಗೆರೆ

ಹೇಳಬೇಕೆ? ಹೇಳಿದರೆ ಭಾವ ಪಾರಾಗುತ್ತಾನೆ. ಹೇಳದಿದ್ದರೆ?

ಅಷ್ಟರಲ್ಲಿ ಚಪ್ಪಾಳೆ ಬಿತ್ತು. ಅವನೂ ತಟ್ಟಿದ.

ಸಭಾಂಗಣದ ಗೋಡೆಯ ಮೇಲೆ ಅವನೇ ಬರೆದಿದ್ದ ಗೆರೆ-ಚೌಕಗಳ ಚಿತ್ರ ಬೆಳಕಿನಲ್ಲಿ ಹರಡಿಕೊಂಡಿತ್ತು. ಮೂರು ವರ್ಷದ ಹಿಂದೆ ಅಕ್ಕನ ಮನೆಯಲ್ಲಿ, ಊಟ ಮುಗಿದ ಮೇಜಿನ ಮೇಲೆ, ಒಂದು ಹಾಳೆಯಲ್ಲಿ ಬರೆದು ವಿವರಿಸಿದ್ದ. ಭಾವ ಆಕಳಿಸಿ, ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡಿದ್ದ. ಈಗ ಗೋಡೆಯ ಮೇಲಿನ ಚಿತ್ರದ ಕೆಳಗೆ ಭಾವನ ಹೆಸರಿತ್ತು. ಭಾವ ಕಂಪನಿಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥ. ಅವನು ಅದೇ ವಿಭಾಗದಲ್ಲಿ ಹನ್ನೊಂದು ವರ್ಷದಿಂದ ಇಂಜಿನಿಯರ್.

ರೋಗಿಗಳಿರುವ ಮನೆಗಳಿಗೆ ಆಸ್ಪತ್ರೆಯ ಮಂಚ, ಗಾಲಿಕುರ್ಚಿ ಕಳಿಸುವ ಕಂಪನಿ. ನಿನ್ನೆಯವರೆಗೆ ಒಂದು ವಿಭಾಗದ ಪ್ರೋಗ್ರಾಂ ಇನ್ನೊಂದನ್ನು ಕೇಳಿ, ಉತ್ತರಕ್ಕೆ ಕಾಯುತ್ತಿತ್ತು. ಒಂದು ನಿಂತರೆ ಎಲ್ಲವೂ ನಿಲ್ಲುತ್ತಿದ್ದವು. ಇಂದಿನಿಂದ, ಈ ಚಿತ್ರದ ಪ್ರಕಾರ, ಯಾರೂ ಯಾರನ್ನೂ ಕೇಳುವುದಿಲ್ಲ. ಆದದ್ದನ್ನು ಸಾರಿ ಮುಂದೆ ಹೋಗುವುದು, ಬೇಕಾದವರು ಕೇಳಿಸಿಕೊಳ್ಳುವುದು.

“ಡಂಗುರದವನು ಯಾರು ಕೇಳಿದ್ರು ಅಂತ ತಿರುಗಿ ನೋಡ್ತಾನಾ?” ಎಂದ ಭಾವ. ಸಭೆ ನಕ್ಕಿತು. ಆ ಮಾತೂ ಅಂದು ಊಟದ ಮೇಜಿನ ಬಳಿ ಅವನು ಭಾವನಿಗೆ ಹೇಳಿದ್ದೇ.

ಒಂದು ಗೆರೆ ಮಾತ್ರ ಹಾಳೆಯ ಮಡಿಕೆಯ ಮೇಲೆಯೇ ಬಿದ್ದಿತ್ತು. ಜೇಬಿನಲ್ಲಿ ಸವೆದುಹೋಗಿರಬೇಕು. ಆರ್ಡರ್ ರದ್ದಾದ ಸುದ್ದಿ ಗೋದಾಮಿಗೆ ಹೋಗುವ ಗೆರೆ. ಗೋಡೆಯ ಮೇಲೆ ಅದಿರಲಿಲ್ಲ. ಯಾವ ಸುದ್ದಿಯನ್ನು ಯಾವ ವಿಭಾಗ ಕೇಳಿಸಿಕೊಳ್ಳಬೇಕೆಂಬ ಪಟ್ಟಿಯನ್ನು ನಿನ್ನೆ ಸಂಜೆ ಕಂಪ್ಯೂಟರಿನಲ್ಲಿ ತೆರೆದು ನೋಡಿದ್ದ, ಅಲ್ಲೂ ಇರಲಿಲ್ಲ. ಪರೀಕ್ಷೆಗೆಂದು ಹಾಕಿದ ಆರ್ಡರುಗಳನ್ನು ಯಾರೂ ರದ್ದು ಮಾಡಿ ನೋಡಿರಲಿಲ್ಲ. ಇಂಥ ಮಂಚವನ್ನು ಜನ ಹೆಚ್ಚಾಗಿ ಒಂದೇ ಕಾರಣಕ್ಕೆ ಬೇಡವೆನ್ನುತ್ತಾರೆ. ರೋಗಿ ತೀರಿಕೊಂಡಾಗ.

ಸಾವಿನ ಮನೆಗಳ ಮುಂದೆ ಮಂಚ ಹೋಗಿ ನಿಲ್ಲುತ್ತದೆ, ಬೈಗುಳ ಬರುತ್ತದೆ. ಭಾವನ ಮುಖ ಬಿಳಿಚಿಕೊಳ್ಳುತ್ತದೆ. ಆಗ ಎಲ್ಲರೂ ತನ್ನತ್ತ ತಿರುಗುತ್ತಾರೆ. ಅದನ್ನು ರಾತ್ರಿಯೆಲ್ಲ ಮೆಲುಕು ಹಾಕಿದ್ದ.

ಟೀ ವಿರಾಮದಲ್ಲಿ ಗೋದಾಮಿನ ಮೇಲ್ವಿಚಾರಕಿ ಬಂದು ನಿಂತರು. ಎಲ್ಲರೂ ಅವರನ್ನು ದೊಡ್ಡಮ್ಮ ಎನ್ನುತ್ತಿದ್ದರು. ಲಾರಿ ಹೊರಡುವ ಮುನ್ನ ಪ್ರತಿ ಮನೆಗೂ ಫೋನ್ ಮಾಡಿ, ತರಬಹುದಾ ಎಂದು ಕೇಳುವುದು ಅವರ ಪದ್ಧತಿ.

“ಇನ್ಮೇಲೆ ಫೋನ್ ಬೇಡ ಅಂದ್ರು ನಿಮ್ಮ ಭಾವ. ಸರಿನಾ ಅದು?”

“ಅವ್ರನ್ನೇ ಕೇಳಿ.”

“ನಿಮ್ಮನ್ನ ಕೇಳ್ತಿದೀನಿ.”

“ಟೀ ಆರ್ತಿದೆ, ದೊಡ್ಡಮ್ಮ.”

ಮೊಗಸಾಲೆಯಲ್ಲಿ ಭಾವ ಹೆಗಲ ಮೇಲೆ ಕೈ ಹಾಕಿ, ಎಲ್ಲ ಸರಿ ಇದೆ ತಾನೆ ಎಂದ.

“ನಿಮ್ಮ ಚಿತ್ರ ಅಲ್ವಾ.”

“ನಮ್ಮಿಬ್ಬರದು ಅನ್ನಪ್ಪ. ಹೊರಗೆ ಮಾತ್ರ ಅನ್ಬೇಡ.”

ಮೂರು ಗಂಟೆಗೆ ಅವನ ಪರದೆಯ ಮೇಲೆ ಮೊದಲ ರದ್ದತಿ ಮೂಡಿತು. ಕಾರಣದ ಜಾಗದಲ್ಲಿ ‘ಇನ್ನು ಬೇಕಿಲ್ಲ’ ಎಂದಿತ್ತು. ಕಿಟಕಿಯ ಕೆಳಗೆ ಅದೇ ಸಂಖ್ಯೆಯ ಮಂಚವನ್ನು ಲಾರಿಗೆ ಏರಿಸುತ್ತಿದ್ದರು. ಇಪ್ಪತ್ತು ಮೆಟ್ಟಿಲು ಇಳಿದರೆ ಅಂಗಳ. ಅವನು ನೀರು ಕುಡಿದ. ಲಾರಿ ಹೊರಟಿತು.

ಆರಕ್ಕೆ ಲಾರಿ ಮರಳಿದಾಗ ತಾನೇ ಕೆಳಗಿಳಿದ.

“ಇಳಿಸಿದ್ರಾ?”

“ಇಳಿಸ್ದೆ ಸಾರ್,” ಎಂದ ಚಾಲಕ. “ಮನೆ ತುಂಬ ಜನ. ಬಾಗಿಲ ಮುಂದೆ ಬೆಂಕಿ ಹಾಕಿದ್ರು. ನನಗೆ ಅರ್ಥ ಆಯ್ತು, ವಾಪಸ್ ತಿರುಗಿಸ್ತಿದ್ದೆ. ಒಬ್ರು ಅಮ್ಮ ಬಂದು ತಡೆದ್ರು. ಒಳಗೆ ಹಾಕಿ ಅಂದ್ರು.”

“ಬೈಲಿಲ್ವಾ?”

“ಇಲ್ಲ. ತಲೆ ಕಡೆ ಹೇಗೆ ಏರಿಸೋದು ಅಂತ ಕೇಳಿದ್ರು. ತೋರಿಸ್ದೆ. ಆ ಅಮ್ಮನೇ ಹತ್ತಿ ಮಲಗಿದ್ರು.”

“ದೂರು ಕೊಡ್ತಾರಂತಾ?” ತನ್ನ ದನಿಯಲ್ಲಿನ ಆಸೆ ಅವನಿಗೇ ಕೇಳಿಸಿತು.

“ಯಾಕೆ ಸಾರ್? ಸಹಿ ಹಾಕಿದಾರೆ ನೋಡಿ.”

ಮತ್ತೆ ಮೇಲೆ ಹೋಗಿ ನೋಡಿದರೆ, ಪರದೆಯಲ್ಲಿ ಆ ಆರ್ಡರಿನ ಸಾಲು ಹಸಿರಾಗಿತ್ತು. ‘ತಲುಪಿದೆ’ ಎಂದಿತ್ತು. ಭಾವ ಕೆಳಗೆ ಕಾರಿನಿಂದ ಕೂಗಿ, ಅಕ್ಕ ಊಟಕ್ಕೆ ಕರೆದಿದ್ದಾಳೆ, ಬೇಗ ಬಾ ಎಂದ. ಅಂಗಳದಲ್ಲಿ ನಾಳೆಯ ಮಂಚಗಳು ಸಾಲಾಗಿ, ತಲೆಯ ಕಡೆ ತುಸು ಎತ್ತಿಕೊಂಡು, ಯಾರದೋ ಮಾತಿಗೆ ಕಿವಿಗೊಟ್ಟಂತೆ ನಿಂತಿದ್ದವು. ಅವನು ಇಳಿದು ಹೋಗಿ ಕಾರಿನಲ್ಲಿ ಕೂತ.

ರದ್ದತಿಯ ಸುದ್ದಿ ಗೋದಾಮಿಗೆ ಕೇಳಿಸುತ್ತಿಲ್ಲ ಎಂದು ಅವನು ಯಾರಿಗೂ ಹೇಳಲಿಲ್ಲ.